ನೀಲತ್ತೆಯ ಹಸಿ ಊಟಕ್ಕೆ ಕಾವಲು ಹೋದದ್ದು

ನಾನು ಪರದೇಶಕ್ಕೆ ಹೋದದ್ದು ಎತ್ತಿನ ಗಾಡಿಯಲ್ಲಿ.

ನಗಬೇಡಿ. ಆಗಿನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ಯುದ್ಧ ನಡೆಯುತ್ತಿತ್ತು. ತುಮ್ಮಿನಕಟ್ಟಿ ಕಡೆಯ ನಮ್ಮ ಹಳ್ಳಿ ಮುಂಬಯಿ ಸರಕಾರದ್ದು, ಹೊನ್ನಾಳಿ ಮೈಸೂರು ಮಹಾರಾಜರದು. ನಡುವೆ ಒಂದು ಗಡಿಕಲ್ಲು. ಆ ಕಲ್ಲಿನ ಆಚೆ ಬೇರೆ ರಾಜ, ಬೇರೆ ಪೊಲೀಸು, ಬೇರೆ ಕಾಯಿದೆ. ಹತ್ತು ವರ್ಷದ ಹುಡುಗಿಗೆ ಪರದೇಶ ಅನ್ನಿಸಲು ಇನ್ನೇನು ಬೇಕು?

ಈಗ ಇದನ್ನು ಬರೆಯಲು ಕಾರಣ ನನ್ನ ಮೊಮ್ಮಗಳು. ಅವಳು ಬೆಂದದ್ದನ್ನು ಬಿಟ್ಟಿದ್ದಾಳೆ. ಬೆಳಗಾದರೆ ಗಜ್ಜರಿ ಕಡಿಯುತ್ತ ಫೋನಿನಲ್ಲಿ ಯಾರೋ ಹೇಳುವುದನ್ನು ಕೇಳುತ್ತಾಳೆ: ಹಸಿ ಊಟದ ಹಟ ಸಡಿಲವಾಗದಂತೆ ನೋಡಿಕೊಳ್ಳುವುದು ಹೇಗೆ ಅಂತ. ಹೇಳುವವನ ಗಲ್ಲ ನೋಡಿದರೆ ನನಗೆ ಗುಮಾನಿ. ಹಸಿ ಸೌತೆಕಾಯಿಯಿಂದ ಅಂಥ ಗಲ್ಲ ಬರುವುದಿಲ್ಲ. ಹಟ ಹಿಡಿದವರು ಹೇಗಿರುತ್ತಾರೆ ಅಂತ ನಾನು ನೋಡಿದ್ದೇನೆ. ಅವರ ಬಾಯಿಯನ್ನು ಬಿಡಿಸಿಯೇ ನೋಡಿದ್ದೇನೆ. ಅದನ್ನು ಹೇಳುತ್ತೇನೆ. ಫೋನಿನಲ್ಲಿ ಒಂದೇ ಬೆರಳಲ್ಲಿ ಅಕ್ಷರ ಒತ್ತುತ್ತಿದ್ದೇನೆ, ತಾಳ್ಮೆ ಇರಲಿ.

ಹೋದವರು ಇಬ್ಬರು, ನೀಲತ್ತೆ ಮತ್ತು ನಾನು. ನೀಲತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ನೇರ ಅಡುಗೆಮನೆ ಹೊಕ್ಕಳು, ಮತ್ತೆ ಹೊರಗೆ ಬರಲಿಲ್ಲ. ಮನೆಮಂದಿ, ಆಳುಗಳು, ಬರುವ ಹೋಗುವ ನೆಂಟರು, ಎಲ್ಲರ ರೊಟ್ಟಿಯನ್ನೂ ಅವಳೇ ಬಡಿಯಬೇಕು. ಅವಳ ಎಣ್ಣೆಗಾಯಿ ತಿಂದವರು ಊಟ ಮುಗಿದರೂ ಬೆರಳು ಮೂಸುತ್ತ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ದಿನವೂ ದೇವರಿಗೆ ಎಡೆ ಹಿಡಿದ ಮೇಲೆಯೇ ಊಟ; ಎಡೆಗೆ ಮುಂಚೆ ಯಾರೂ ಉಪ್ಪು ನೋಡುವಂತಿಲ್ಲ. ನೀಲತ್ತೆ ಹಬೆಯನ್ನು ಮೂಸಿಯೇ ಉಪ್ಪು ಹೇಳುತ್ತಿದ್ದಳು. ಒಂದು ದಿನವೂ ತಪ್ಪಿದ್ದಿಲ್ಲ.

ಇಂಥವಳು ಒಂದು ದಿನ ತುಮ್ಮಿನಕಟ್ಟಿಯಲ್ಲಿ ನ್ಯಾಮತಿಯ ಮೇಷ್ಟ್ರೊಬ್ಬರ ಭಾಷಣ ಕೇಳಿ ಬಂದಳು. ಬೆಂಕಿ ಮುಟ್ಟಿದ ಅನ್ನದಲ್ಲಿ ಜೀವ ಇಲ್ಲ, ಹಸಿಯದರಲ್ಲಿ ಮಾತ್ರ ಇದೆ ಅಂತ ಭಾಷಣ. ಮರುದಿನ ಒಲೆಗೆ ನೀರು ಹಾಕಿ ಪಡಸಾಲೆಗೆ ಬಂದು ಕೂತಳು.

"ಏನಕ್ಕಾ ಇದು?" ಅಂದ ಅಪ್ಪ.

"ಇನ್ನ ಬೆಂದದ್ದು ಉಣ್ಣಂಗಿಲ್ಲ ತಮ್ಮಾ. ನಾನು ಉಣ್ಣದ್ದು ನಾನ್ಯಾಕ ಬೇಯಸ್ಲಿ? ಹೊಗಿಯಾಗ ಕೂತು ಕೂತು ನನ್ನ ಕಣ್ಣು ಮಂಜಾಗ್ಯಾವು. ಜಗಳೂರಾಗ ನಮ್ಮನಿಯವರದು ಒಂದು ಕೋಣಿ ಮನಿ ಬಿದ್ದೈತಿ. ಅಲ್ಲಿ ಹೋಗಿ ಹೊಲಿಗಿ ಮಾಡ್ಕೊಂಡು ಇರ್ತೀನಿ."

ಅವ್ವನ ಮುಖ ಬಿಳಿಚಿತು. ನೀಲತ್ತೆ ಹೋದರೆ ಆ ಒಲೆಯ ಮುಂದೆ ಕೂರಬೇಕಾದವಳು ಅವಳೇ. ಅಪ್ಪ ಮಾತ್ರ ನಕ್ಕ. ಅಕ್ಕನ ಹಟ ಎರಡು ಊಟದ್ದು ಅಂತ ಅವನ ಲೆಕ್ಕ.

"ಹೋಗು. ನಾ ಕರಿಯಾಕ ಬರೂತನಕ ಬೆಂದದ್ದು ಬಾಯಿಗೆ ಹಾಕಿರಲಿಲ್ಲಂದ್ರ ಅಲ್ಲೇ ಇರು, ಚಕಾರ ಎತ್ತಂಗಿಲ್ಲ. ಒಂದು ತುತ್ತು ಹಾಕಿದ್ದು ಗೊತ್ತಾತೋ, ಸುಮ್ಮನ ಗಾಡಿ ಹತ್ತಿ ಒಲಿ ಮುಂದ ಬಂದು ಕೂಡಬೇಕು. ಒಪ್ಪಿಗೇನ?"

"ಒಪ್ಪಿಗೆ."

ಗೊತ್ತಾಗುವುದು ಹೇಗೆ? ಅದಕ್ಕೆ ನಾನು. ಅವ್ವ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಹೇಳಿದಳು: "ಗಿರ್ಜೀ, ನಿಂದು ಬೆಕ್ಕಿನ ಮೂಗು. ಅತ್ತಿ ಬೆನ್ನು ಬಿಡಬ್ಯಾಡ. ಏನು ತಿಂತಾಳ, ಎಲ್ಲಿ ತಿಂತಾಳ, ಕಣ್ಣಾಗ ಎಣ್ಣಿ ಬಿಟ್ಕೊಂಡು ನೋಡು." ಹೇಳಬೇಕಾಗಿಯೇ ಇರಲಿಲ್ಲ. ಅತ್ತೆ ಸೋತು ಮನೆಗೆ ಬಂದರೆ ನನಗೆ ಎಣ್ಣೆಗಾಯಿ.

ಗಡಿಕಲ್ಲು

ಗಡಿಯಲ್ಲಿ ಒಂದು ನಾಕಾ. ಯುದ್ಧದ ಕಾಲವಲ್ಲವೇ, ಕಾಳುಕಡಿಯನ್ನು ಒಂದು ಸೀಮೆಯಿಂದ ಇನ್ನೊಂದಕ್ಕೆ ದಾಟಿಸುವಂತಿರಲಿಲ್ಲ. ಗಾಡಿ ನಿಲ್ಲಿಸಿದ ಪೇಟದವನು ಅತ್ತೆಯ ಮಡಿಲಲ್ಲಿದ್ದ ಒದ್ದೆ ಗಂಟನ್ನು ನೋಡಿದ.

"ಗಂಟಲ್ಲಿ ಏನಮ್ಮಾ?"

"ಹೆಸರುಕಾಳ್ರಿ."

"ಕಾಳು ದಾಟಿಸಂಗಿಲ್ಲ ಅಂತ ಗೊತ್ತಿಲ್ವಾ?" ಗಂಟು ಬಿಚ್ಚಿದವನು ಕೈ ಹಿಂದಕ್ಕೆ ಎಳೆದುಕೊಂಡ. "ಅಯ್ಯಯ್ಯೋ, ಹುಳ ಬಿದ್ದೈತಲ್ರೀ!"

"ಹುಳ ಅಲ್ರಿ, ಮೊಳಕಿ. ಮೊಳಕಿ ಬಂದ ಮ್ಯಾಲೆ ಅದು ಕಾಳು ಎಲ್ಲಿ ಉಳೀತ್ರಿ? ಗಿಡ ಆತು."

"ಗಿಡ ಯಾರು ತಿಂತಾರೆ?"

"ನಾನು."

ಅವನು ನೆರಳಲ್ಲಿ ಕೂತಿದ್ದ ನಮ್ಮ ಸೀಮೆಯ ಪೊಲೀಸನನ್ನೂ ಕರೆದ. ಇಬ್ಬರೂ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು. ಕಾಳಿಗೆ ನೀರು ಹಾಕಿ ಗಿಡ ಅಂತ ದಾಟಿಸುವ ಹೊಸ ಕಳ್ಳದಾರಿ ಇರಬೇಕು ಅಂತ ಅವರ ಗುಮಾನಿ. "ಎಲ್ಲಿ, ತಿಂದು ತೋರಿಸಿ" ಅಂದರು. ಅತ್ತೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಅವರು ನೋಡಿದರು. ನಾನೂ ನೋಡಿದೆ. ಎರಡು ಸರಕಾರ, ಒಬ್ಬ ಗೂಢಚಾರಿಣಿ, ಒಂದು ಬಾಯಿ.

ಪೇಟದವನಿಗೆ ತಡೆಯಲಾಗಲಿಲ್ಲ, ತಾನೂ ನಾಲ್ಕು ಕಾಳು ಹಾಕಿಕೊಂಡ. ಅಗಿದ. ಮುಖ ಕಿವಿಚಿದ.

"ಉಪ್ಪಿಲ್ಲ, ಖಾರ ಇಲ್ಲ. ಯಾರಮ್ಮಾ ನಿಮಗೆ ಇಂಥ ಶಿಕ್ಷೆ ಕೊಟ್ಟೋರು?"

"ಶಿಕ್ಷಾ ಅಲ್ರಿ" ಅಂದಳು ಅತ್ತೆ. "ರಜಾ."

ಹೊನ್ನಾಳಿ

ಪರದೇಶದ ಮೊದಲ ಮನೆಯಲ್ಲಿ ನಾನು ಕಂಡದ್ದು ಗೋಡೆಯ ಮೇಲಿನ ಮಹಾರಾಜರ ಪಟ. ಹೂವು ಬೇರೆ ಮುಡಿಸಿದ್ದರು. ನಾವು ನಮ್ಮ ರಾಜನನ್ನು ನಾಣ್ಯದ ಮೇಲೆ ಮಾತ್ರ ನೋಡಿದವರು. ಅವನಿಗೆ ಕತ್ತಿನ ಕೆಳಗೆ ಏನೂ ಇರಲಿಲ್ಲ. ಇಲ್ಲಿನ ರಾಜನಿಗೆ ಮೈ ಇತ್ತು, ಕುರ್ಚಿ ಇತ್ತು. ನಾವು ಪೇರಲ ಅನ್ನುವ ಹಣ್ಣಿಗೆ ಇವರು ಸೀಬೆ ಅಂತಿದ್ದರು. ಬೇರೆ ಹೆಸರು ಇಟ್ಟುಕೊಂಡು ಅದೇ ಹಣ್ಣು ತಿನ್ನುವವರನ್ನು ನಂಬುವುದು ಹೇಗೆ ಅಂತ ನನಗೆ ಚಿಂತೆಯಾಯಿತು.

ಮನೆ ಗೌರಮ್ಮನವರದು, ದೂರದ ನೆಂಟರು. ಕೈಕಾಲು ತೊಳೆದು ಬಂದ ಕೂಡಲೇ ಚೆಂಬು ನೀರು, ತಟ್ಟೆಯಲ್ಲಿ ಬೆಲ್ಲ. ಅತ್ತೆಗೆ ಬೆಲ್ಲ ಅಂದರೆ ಜೀವ. ಹಸಿ ಊಟದಲ್ಲಿ ಅವಳಿಗೆ ಉಳಿದಿದ್ದ ಸುಖ ಅದೊಂದೇ. ತುಂಡು ತುಟಿಯ ಹತ್ತಿರ ಹೋಗಿತ್ತು.

"ಅತ್ತೀ, ಬೆಲ್ಲ ಕೊಪ್ಪರಿಗಿಯಾಗ ಕುದಿಸ್ತಾರಲ್ಲ?" ಅಂದೆ ನಾನು.

ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಬೆಲ್ಲದ ತುಂಡನ್ನು ಮೆಲ್ಲಗೆ ತಟ್ಟೆಗೆ ಇಟ್ಟಳು. ಅಂದಿಗೆ ಬೆಲ್ಲವೂ ಹೋಯಿತು.

ಗೌರಮ್ಮನವರ ಸೊಂಟದ ಮೇಲೆ ಕೈ ಬಂತು. "ಯಾಕ್ರೀ ನೀಲಮ್ಮ, ನಮ್ಮ ಮನೆ ಬೆಲ್ಲನೂ ಆಗಿ ಬರಲ್ವಾ? ಬಾಗಿಲಲ್ಲೇ ಅನ್ನ ಒಲ್ಲೆ ಅಂದ್ರಿ, ಮುದ್ದೆ ಒಲ್ಲೆ ಅಂದ್ರಿ. ಈಗ ಬೆಲ್ಲಾನೂ ಒಲ್ಲೆ ಅಂತೀರಿ. ನಿಮ್ಮಪ್ಪನ ಕಾಲದ ಎತ್ತಿನ ಜಗಳ ಇನ್ನೂ ಹೊಟ್ಟೇಲಿ ಇಟ್ಕೊಂಡೀರಾ?"

"ಯಾವ ಎತ್ತು?" ಅಂದಳು ಅತ್ತೆ.

"ನೋಡ್ರೀ, ಗೊತ್ತಿದ್ದೂ ಗೊತ್ತಿಲ್ದಂಗೆ!"

ನೆಂಟರ ಮನೆಯಲ್ಲಿ ಉಣ್ಣದೆ ಹೋದರೆ ಅದು ಮಾತು ಬಿಟ್ಟ ಹಾಗೆ. ಈ ಕಾಯಿದೆ ಎರಡೂ ಸೀಮೆಯಲ್ಲಿ ಒಂದೇ. ಅತ್ತೆ ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಎಳೆ ಸೌತೆಕಾಯಿ ಹೆಚ್ಚಿದಳು, ತೆಂಗಿನಕಾಯಿ ತುರಿದಳು, ನಮ್ಮ ಗಂಟಿನ ಹೆಸರುಕಾಳು ಸೇರಿಸಿ ನಿಂಬೆಹಣ್ಣು ಹಿಂಡಿದಳು. ಎಲ್ಲರಿಗೂ ಬಡಿಸಿ, ತಾನು ಕೊನೆಗೆ ಉಣ್ಣಲು ಒಂದಿಷ್ಟು ಉಳಿಸಿಕೊಂಡಳು. ಗೌರಮ್ಮ ಒಂದು ತುತ್ತು ತಿಂದರು, ಇನ್ನೊಂದು ತಿಂದರು. ಮುಖ ಸಡಿಲವಾಯಿತು.

"ಚೆನ್ನಾಗೈತೆ ಕಣ್ರೀ. ಇದಕ್ಕೊಂದು ಒಗ್ಗರಣೆ ಕೊಟ್ಬಿಡ್ಲಾ?"

ಇಡೀ ಮೈಸೂರು ಸೀಮೆಯಲ್ಲಿ ನೀಲತ್ತೆಗೆ ಎದುರಾಳಿ ಅಂತ ಇದ್ದದ್ದು ಇದೊಂದೇ. ಯಾರ ಮುಂದೆ ಏನು ಹಸಿಯದು ಇಟ್ಟರೂ ಅವರ ಕೈ ಸಾಸಿವೆ ಡಬ್ಬಿಗೆ ಹೋಗುತ್ತಿತ್ತು.

ನ್ಯಾಮತಿ

ಜಗಳೂರಿಗೆ ಹೋಗುವವರು ನ್ಯಾಮತಿಗೆ ಹೋಗಬೇಕಾಗಿಯೇ ಇಲ್ಲ, ಅದು ಬೇರೆ ದಿಕ್ಕು. ಆದರೆ ಅತ್ತೆಗೆ ಆ ಮೇಷ್ಟ್ರನ್ನು ಒಮ್ಮೆ ನೋಡಿ ಧೈರ್ಯ ತೆಗೆದುಕೊಳ್ಳಬೇಕಿತ್ತು. ಬೆಲ್ಲ ಹೋದ ಮೇಲೆ ಅವಳು ಸ್ವಲ್ಪ ಕುಗ್ಗಿದ್ದಳು. ದಾರಿಯಲ್ಲಿ ಯಾರ ಮನೆಯ ಹೊಗೆ ಬಂದರೂ "ಬದನಿಕಾಯಿ", "ಹುಳ್ಳಿಕಾಳು" ಅಂತ ಕಣ್ಣು ಮುಚ್ಚಿಕೊಂಡು ಹೆಸರು ಹೇಳುತ್ತಿದ್ದಳು. ನನಗೆ ಒಳಗೊಳಗೇ ಖುಷಿ. ಇನ್ನೆರಡು ದಿನ ಅಂದುಕೊಂಡೆ.

ನಾವು ಹೋದ ದಿನ ಗಣೇಶನ ಚೌತಿ. ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತಾಗಲೇ ನನ್ನ ಮೂಗು ಕೆಲಸ ಮಾಡಿತು.

"ಅತ್ತೀ, ಕಡಬು" ಅಂದೆ.

"ಮನಿಮಂದಿಗೆ ಮಾಡಿರ್ತಾರ, ಸುಮ್ಮನಿರು."

ಮೇಷ್ಟ್ರ ಹೆಂಡತಿ ಬಾಗಿಲು ತೆಗೆದು, ನಾವು ಯಾರು ಅಂತ ಕೇಳುವ ಮೊದಲೇ ಒಳಗೆ ತಿರುಗಿ ಕೂಗಿದರು: "ರೀ, ಯಾರೋ ಬಂದಾರೆ. ಕೈ ತೊಳ್ಕೊಂಡು ಬರ್ರೀ. ಎಷ್ಟು ತಿಂತೀರಿ?"

ಒಳಗಿಂದ ಮೇಷ್ಟ್ರು ಬಂದರು. ಮೀಸೆಯ ಮೇಲೆ ಹೂರಣ. ಅತ್ತೆ ಮೀಸೆಯನ್ನೇ ನೋಡಿದಳು. ಅವರು ಅದನ್ನು ಒರೆಸಿಕೊಂಡರು, ಒರೆಸಿದ ಮೇಲೆ ಒರೆಸಿದ್ದೇ ತಪ್ಪಾಯಿತು ಅನ್ನುವವರ ಹಾಗೆ ನಿಂತರು.

"ಹಬ್ಬ ನೋಡಿ ತಾಯಿ. ದೇವರ ಪ್ರಸಾದ. ಬೇಡ ಅನ್ನಾಕಾಗುತ್ತಾ?"

"ಆಗಂಗಿಲ್ರಿ" ಅಂದಳು ಅತ್ತೆ.

ಮೇಷ್ಟ್ರ ಹೆಂಡತಿ ನಕ್ಕರು. "ಇವರ ದೇವರಿಗೆ ವಾರದಾಗೆ ನಾಕು ದಿನ ಹಬ್ಬ ಕಣಮ್ಮಾ. ಭಾಷಣ ಮಾಡಾಕೆ ಬೇರೆ ಊರಿಗೆ ಹೋಗೋದು ಯಾಕೆ ಅಂದ್ಕಂಡೆ? ಇಲ್ಲಿ ಯಾರು ಕೇಳ್ತಾರೆ?"

ನಮಗೂ ಎಲೆ ಹಾಕಿದರು. ಅತ್ತೆ ಪ್ರಸಾದದ ಕಡುಬನ್ನು ಕಣ್ಣಿಗೆ ಒತ್ತಿಕೊಂಡು ನನ್ನ ಎಲೆಗೆ ಇಟ್ಟಳು. ಒಂದು ಬಾಳೆಹಣ್ಣು ಸುಲಿದು ತಿಂದು ಎದ್ದಳು. ನಾನು ನನ್ನವೂ ಅವಳವೂ ಸೇರಿಸಿ ತಿಂದು ಹಾದಿಗೆ ಬಿದ್ದಾಗ, ಇನ್ನು ಇವಳು ವಾಪಸು ಮನೆಗೇ ಹೊರಡುತ್ತಾಳೆ ಅಂತ ನನಗೆ ಖಾತ್ರಿಯಾಗಿತ್ತು. ಗುರುವೇ ಜಾರಿದ ಮೇಲೆ ಶಿಷ್ಯೆ ಏನು?

"ಅತ್ತೀ, ಅವರೇ ತಿನ್ನಾಕತ್ತಾರ. ನೀ ಯಾಕ ಬಿಡ್ತಿ?"

"ಗಾಡಿ ಮುರೀತು ಅಂತ ಊರು ಓಡಿ ಹೋಗತೈತೇನ?" ಅಂದಳು ಅತ್ತೆ. ಹೊನ್ನಾಳಿ ಹತ್ತಿರವಾದಾಗ ತನ್ನಷ್ಟಕ್ಕೇ ನಕ್ಕಳು. "ಹೂರಣಕ್ಕ ಏಲಕ್ಕಿ ಹಾಕಿದ್ದಿಲ್ಲ" ಅಂದಳು.

ನನಗೆ ತಟ್ಟನೆ ಅನುಮಾನ. ತಿನ್ನದೆ ಹೇಗೆ ಗೊತ್ತಾಯಿತು? ಆದರೆ ಅವಳ ಕೈಯೂ ಬಾಯಿಯೂ ನನ್ನ ಕಣ್ಣ ಮುಂದೆಯೇ ಇದ್ದವು. ಹಬೆ, ಅಂದುಕೊಂಡು ಸುಮ್ಮನಾದೆ.

ಹೊಳೆಯಾಚೆ, ಚನ್ನಗಿರಿಯವರೆಗೆ

ಹೊನ್ನಾಳಿಯಿಂದ ಹೊಳೆ ದಾಟಿ ಬಸ್ಸು ಹತ್ತಿದೆವು. ಆಗ ಪೆಟ್ರೋಲು ಯುದ್ಧಕ್ಕೆ ಹೋಗುತ್ತಿತ್ತು, ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಒಲೆ ಕಟ್ಟಿಕೊಂಡಿದ್ದ ಬಸ್ಸನ್ನು ಕಂಡು ಅತ್ತೆ "ಇದಕ್ಕೂ ಬೆಂದದ್ದೇ ಬೇಕು" ಅಂದಳು. ಬಸ್ಸು ಕೇಳಿಸಿಕೊಂಡಿತೇನೋ, ಒಂದು ಏರಿನಲ್ಲಿ ಕೆಮ್ಮಿ ನಿಂತೇಬಿಟ್ಟಿತು. ಎಲ್ಲರೂ ಇಳಿದು ತಳ್ಳಿದರು. ಅದು ಏರು ಹತ್ತಿ, ಇಳಿಜಾರಿನಲ್ಲಿ ನಮ್ಮನ್ನು ಬಿಟ್ಟು ಹೋಯಿತು. ತಳ್ಳಿದವರು ಬಂದಿಲ್ಲ ಅಂತ ಡ್ರೈವರಿಗೆ ಗೊತ್ತಾಗುವಷ್ಟರಲ್ಲಿ ನಾವು ಬಾಷಾ ಸಾಬರ ಗಾಡಿ ಹತ್ತಿದ್ದೆವು.

ಬಾಷಾ ಸಾಬರು ತ್ಯಾವಣಿಗೆ, ಚನ್ನಗಿರಿ ಸಂತೆಗಳಿಗೆ ತೆಂಗಿನಕಾಯಿ ಒಯ್ಯುವ ವ್ಯಾಪಾರಿ. ಬಿಳಿಗಡ್ಡ, ದೊಡ್ಡ ಹೊಟ್ಟೆ. ಅದು ರಂಜಾನ್ ತಿಂಗಳು; ಹಗಲೆಲ್ಲ ನೀರೂ ಕುಡಿಯುವುದಿಲ್ಲ ಅಂದರು. ನಾನು ಹೊಟ್ಟೆ ನೋಡಿ ನಂಬಲಿಲ್ಲ. ಎತ್ತಿಗೆ ನೀರು ಕುಡಿಸಲು ಕೆರೆಗೆ ಇಳಿದಾಗ ನಾನೂ ಇಳಿದೆ. ಅವರು ಬಾಯಿ ಮುಕ್ಕಳಿಸಿ ಉಗಿದರು. ನಾನು ಬಗ್ಗಿ ಗಂಟಲನ್ನೇ ನೋಡಿದೆ.

"ಏನು ಹುಡುಕ್ತಾ ಇದೀಯಾ ಬೇಟಿ?"

"ನುಂಗಿದ್ರೇನ್ರಿ?"

ಅವರು ಹೊಟ್ಟೆ ಅಲ್ಲಾಡುವ ಹಾಗೆ ನಕ್ಕು ಗಾಡಿಯ ಕಡೆ ಕೂಗಿದರು. "ಅಮ್ಮಾ, ನಿಮ್ಮ ಹುಡುಗಿ ನಮ್ಮ ಹಜರತ್‌ಗಿಂತ ಬಿಗಿ!"

"ಅಕಿ ನನ್ನ ಕಾವಲಿಗೆ ಬಂದಾಳ್ರಿ" ಅಂದಳು ಅತ್ತೆ ತಣ್ಣಗೆ. ಅವಳಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ನನ್ನ ಕಿವಿ ಬಿಸಿಯಾಯಿತು.

ಅತ್ತೆ ತನ್ನ ಕರಾರನ್ನೆಲ್ಲ ಸಾಬರಿಗೆ ಹೇಳಿದಳು. ಬೆಂದದ್ದು ತಿಂದರೆ ಮತ್ತೆ ಆ ಒಲೆಯ ಮುಂದೆ, ಸಾಯುವವರೆಗೆ.

"ಹಿಡಿದದ್ದು ಬಿಡದಂಗ ಇರೋದು ಹೆಂಗ್ರಿ ಸಾಬರ? ನಿಮಗ ವರ್ಷ ವರ್ಷ ರೂಢಿ. ನಂಗ ಮಧ್ಯಾಹ್ನ ಆದ್ರ ರೊಟ್ಟಿ ಸುಟ್ಟ ವಾಸನಿ ಎಲ್ಲಿಂದರ ಬರತೈತಿ. ರೊಟ್ಟಿ ಎಲ್ಲೂ ಇರಂಗಿಲ್ಲ."

"ಹಸಿವು ನಾಯಿ ಇದ್ದಂಗೆ ಅಮ್ಮಾ. ಮಧ್ಯಾಹ್ನ ಬೊಗಳತೈತೆ, ಸಂಜೆ ಹೊತ್ತಿಗೆ ಬಾಲ ಅಲ್ಲಾಡಿಸ್ತೈತೆ. ಬೊಗಳುವಾಗ ಕಲ್ಲು ಹುಡುಕಬ್ಯಾಡಿ. ಸುಮ್ನೆ ನಡೀತಾ ಇರಿ."

ಹೊತ್ತು ಮುಳುಗಿದಾಗ ಗಾಡಿ ನಿಲ್ಲಿಸಿ ಅವರು ಖರ್ಜೂರದ ಪೊಟ್ಟಣ ಬಿಚ್ಚಿದರು. ಮೊದಲು ಅತ್ತೆಯ ಮುಂದೆ ಹಿಡಿದರು. ನಮ್ಮ ಮನೆಯವರು ಸಾಬರ ಮನೆಯಲ್ಲಿ ಬೆಂದದ್ದು ಮುಟ್ಟುತ್ತಿರಲಿಲ್ಲ. ಆದರೆ ಹಣ್ಣಿಗೆ ಯಾವ ಅಡ್ಡಿಯೂ ಇಲ್ಲ. ಅತ್ತೆ ಒಂದು ತೆಗೆದುಕೊಂಡಳು, ಇನ್ನೊಂದು ತೆಗೆದುಕೊಂಡಳು. ಸಾಬರ ಗಾಡಿಯ ಮೂಕಿಯ ಹತ್ತಿರ ಕೂತು, ಸಾಬರ ಜೊತೆ, ಒಂದೇ ಹೊತ್ತಿಗೆ ಅವಳು ಉಂಡಳು. ಎಲ್ಲರೂ ಉಂಡೆದ್ದ ಮೇಲೆ ಉಳಿದದ್ದನ್ನು ಉಣ್ಣುವುದೇ ಅವಳಿಗೆ ರೂಢಿ. ಬೇರೆಯವರ ಜೊತೆ ಕೂತು ಅವಳು ತಿಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಚನ್ನಗಿರಿ ಸಂತೆಯಲ್ಲಿ ನನ್ನ ಹೊಟ್ಟೆ ನನಗೆ ಕೈಕೊಟ್ಟಿತು. ಕಾವಲು ಮರೆಸಿತು. ಮಂಡಕ್ಕಿ, ಬಾಣಲೆಯಿಂದ ಎತ್ತಿದ ಮೆಣಸಿನಕಾಯಿ. ಸಾಬರು ಕೊಡಿಸಿದರು, ನಾನು ತಿಂದೆ, ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಕಣ್ಣೊರೆಸಿಕೊಂಡು ನೋಡುತ್ತೇನೆ, ಅತ್ತೆ ಇಲ್ಲ.

ತೆಂಗಿನಕಾಯಿ ರಾಶಿಯ ಹಿಂದೆ ಇದ್ದಳು. ನನಗೆ ಬೆನ್ನು ಮಾಡಿ. ದವಡೆ ಆಡುತ್ತಿತ್ತು.

"ಅತ್ತೀ! ಬಾಯಿ ತಗೀ!"

ಸಂತೆಯ ಅರ್ಧ ಜನ ತಿರುಗಿದರು. ಅತ್ತೆ ನಿಧಾನವಾಗಿ ಬಾಯಿ ತೆರೆದಳು. ನಾನು ಬೆರಳು ಹಾಕಿಯೇ ನೋಡಿದೆ. ಹುಣಸೆ ಚಿಗುರು. ಹಸಿರು ಹಸಿರು.

"ಆತೇನ? ಹಲ್ಲು ಎಣಸ್ತಿಯೇನ?"

"ಮತ್ತ ಅಡಗ್ಕೊಂಡು ಯಾಕ ತಿಂದಿ?"

"ಬಾಣಲಿ ನೋಡಬಾರದು ಅಂತ." ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ಆಶಾ ಆಗತೈತಿ ಗಿರ್ಜೀ. ಯಾಕ ಆಗಂಗಿಲ್ಲ? ಆದ್ರ ಆಶಾ ಆದಾಗ ನಾ ಬಾಣಲಿ ಒಳಗ ನೋಡಂಗಿಲ್ಲ, ತಳ ನೋಡ್ತೀನಿ. ಆ ಕರಿ ತಳ. ಅದನ್ನ ಬೂದಿ ಹಾಕಿ ತಿಕ್ಕೋರು ಯಾರು? ಆ ಒಂದು ಮೆಣಸಿನಕಾಯಿ ಬಾಯಿಗೆ ಹಾಕಿದೆ ಅಂದ್ರ ನಮ್ಮನಿ ಬಾಣಲಿ ಎಲ್ಲಾ ಮತ್ತ ನನ್ನ ಮುಂದ ಬಂದು ಬೀಳ್ತಾವು."

ಮೊಮ್ಮಗಳ ಫೋನಿನಲ್ಲಿ ಆ ಗಲ್ಲದವನು ಇಷ್ಟು ದಿನ ಹೇಳುತ್ತಿದ್ದರೂ ಇದನ್ನು ಹೇಳಿಲ್ಲ.

ಜಗಳೂರು

ನ್ಯಾಮತಿ ಕಡೆ ಕಣ್ಣಿಗೆಲ್ಲ ಹಸಿರು. ಜಗಳೂರಿನಲ್ಲಿ ಕಣ್ಣಿಗೆ ಕಲ್ಲು, ಗಾಳಿ, ನವಣೆ ಹೊಲ. ಮನೆ ಅಂದರೆ ಒಂದು ಕೋಣೆ, ಒಂದು ಮೂಲೆಯಲ್ಲಿ ತಣ್ಣಗಿನ ಒಲೆ, ಮೇಲೆ ಹೊಗೆಗಿಂಡಿ. ಅತ್ತೆ ಗುಡಿಸಿದಳು, ಸಾರಿಸಿದಳು. ಒಲೆಯನ್ನೂ ಸಾರಿಸಿ ಮೇಲೊಂದು ರಂಗೋಲಿ ಬಿಟ್ಟು, ಸಮಾಧಿಗೆ ಕೈ ಮುಗಿಯುವ ಹಾಗೆ ಮುಗಿದಳು.

ಬೀದಿಯ ಕೊನೆಯ ದರ್ಜಿ ಮನೆಯಿಂದ ಕಾಜಾ ಹಾಕುವ ಕೆಲಸ ಸಿಕ್ಕಿತು. ಅತ್ತೆ ಒಳಗೆ ಬೆಳಕಿಂಡಿಯ ಕೆಳಗೆ ಕೂತು ಹೊಲಿಯುತ್ತಿದ್ದಳು. ನನಗೆ ಮಾತ್ರ ಆಪತ್ತು. ಆ ಊರಿನಲ್ಲಿ ನನಗೆ ಕಡುಬು ಕೊಡುವವರಿಲ್ಲ, ಮೆಣಸಿನಕಾಯಿ ಕೊಡಿಸುವವರಿಲ್ಲ. ಅತ್ತೆ ತಿಂದದ್ದೇ ನಾನೂ ತಿನ್ನಬೇಕು. ಹೊಟ್ಟೆ ಉರಿಗೆ ಹಸಿ ಶೇಂಗಾ ಬುಟ್ಟಿಗಟ್ಟಲೆ ತಿಂದು ಹೊಟ್ಟೆನೋವು ಹಿಡಿಸಿಕೊಂಡು ಕಂಬಳಿ ಹೊದ್ದು ಮಲಗಿದೆ. ಹೊರಗೆ ಮುಖ ಹಾಕಲಿಲ್ಲ.

ಒಂದು ಬೆಳಿಗ್ಗೆ ಹೊರಗೆ ಅಳುವ ದನಿ. ಒಂದಲ್ಲ, ನಾಲ್ಕಾರು. ಪಕ್ಕದ ಮನೆಯ ತಿಪ್ಪಮ್ಮ ಮುಂದೆ, ಹಿಂದೆ ಬೀದಿಯ ಹೆಂಗಸರು. ಕೈಯಲ್ಲಿ ಬಟ್ಟೆ ಮುಚ್ಚಿದ ಗಡಿಗೆ, ಬುಟ್ಟಿ. ತಿಪ್ಪಮ್ಮ ಒಳಗೆ ಬಂದವಳೇ ಅತ್ತೆಯನ್ನು ತಬ್ಬಿಕೊಂಡು ಶುರು ಮಾಡಿದಳು:

"ಎಂಥಾ ಹುಡುಗಿ ಹೋತೇ ನಮ್ಮವ್ವಾ! ಮೊನ್ನೆ ನಮ್ಮ ಮೇಕೆ ಬಾಲ ಎಳೀತಿತ್ತಲ್ಲೇ! ಪರದೇಶದಿಂದ ಬಂದು ನಮ್ಮೂರ ಮಣ್ಣಾಗೋ ಹಂಗಾತಲ್ಲೇ!"

ನನಗೆ ಮೊದಲು ಅರ್ಥವಾಗಲಿಲ್ಲ. ಮೇಕೆ ಬಾಲ ಎಳೆದವಳು ನಾನು. ಕಂಬಳಿ ಸರಿಸಿ ಎದ್ದು ಕೂತೆ.

"ನಾ ಸತ್ತಿಲ್ರಿ!"

ಹೆಂಗಸರೆಲ್ಲ ಒಟ್ಟಿಗೆ ಕಿರುಚಿ ಬಾಗಿಲಿಗೆ ಓಡಿದರು. ಓಡುವಾಗಲೂ ಯಾರೂ ಗಡಿಗೆ ಕೆಳಗೆ ಹಾಕಲಿಲ್ಲ, ಅದನ್ನು ಇಂದಿಗೂ ಮೆಚ್ಚುತ್ತೇನೆ.

ಅವರು ಮತ್ತೆ ಒಳಗೆ ಬಂದ ಮೇಲೆ ತಿಳಿಯಿತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ; ಬೀದಿಯವರೇ ಬೇಯಿಸಿ ತಂದು ಉಣ್ಣಿಸಬೇಕು. ನಮ್ಮ ಹೊಗೆಗಿಂಡಿಯಿಂದ ದಿನಗಟ್ಟಲೆ ಹೊಗೆ ಎದ್ದಿಲ್ಲ. ಹುಡುಗಿಯೂ ಹೊರಗೆ ಕಂಡಿಲ್ಲ. ಎರಡಕ್ಕೆ ಎರಡು ಕೂಡಿಸಿ ಅವರು ನನ್ನನ್ನು ಮುಗಿಸಿದ್ದರು.

ಅತ್ತೆ ಹಸಿ ಊಟದ ವಿಷಯ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೊಟ್ಟೆ ತುಂಬಿದೋರೇ ಬೆಂದದ್ದು ಬಿಡ್ತಾರೇನೇ?" ಅಂತ ಒಬ್ಬಳು. "ಏನೋ ಐತೆ ಕಣೇ, ಹೇಳ್ತಿಲ್ಲ" ಅಂತ ಇನ್ನೊಬ್ಬಳು.

ತಿಪ್ಪಮ್ಮ ಗಡಿಗೆಯ ಬಟ್ಟೆ ತೆಗೆದಳು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ. "ಸಾವಿನ ಮನೆಗೆ ತಂದ ಅನ್ನ ವಾಪಸು ಒಯ್ಯಂಗಿಲ್ಲ ನೀಲಮ್ಮ. ಒಯ್ದರೆ ನಮ್ಮ ಮನೇಲಿ ಸಾವು. ಒಂದು ತುತ್ತು ತಿಂದು ಬಿಡಿ."

ಈ ಬೀದಿಯಲ್ಲಿ ಅತ್ತೆ ಬದುಕಬೇಕು. ತಿನ್ನದಿದ್ದರೆ ಬೀದಿ ಹೋಯಿತು, ತಿಂದರೆ ಮನೆ ಹೋಯಿತು. ಅತ್ತೆ ರೊಟ್ಟಿಯನ್ನು ನೋಡಿದಳು. ಹಬೆ ಅವಳ ಮುಖಕ್ಕೆ ಬಡಿಯುತ್ತಿತ್ತು. ಆಮೇಲೆ ಅವಳ ಕಣ್ಣು ಗಡಿಗೆಯ ಕರಿ ತಳಕ್ಕೆ ಇಳಿದದ್ದನ್ನು ನಾನು ಕಂಡೆ.

"ತಿಪ್ಪಮ್ಮಾ, ಇದು ಸತ್ತಾಕಿ ಹೆಸರಲೆ ಬಂದ ಅನ್ನ ಹೌದಲ್ಲೋ?"

"ಹೂಂ."

"ಸತ್ತಾಕಿ ಇಲ್ಲೇ ಕುಂತಾಳ, ಹಸಿದು. ಅಕಿನೇ ಉಣ್ಣಲಿ."

ಮೊದಲು ನಕ್ಕವಳು ತಿಪ್ಪಮ್ಮ. ಆಮೇಲೆ ಎಲ್ಲರೂ. ನನ್ನ ತಿಥಿಯ ಊಟವನ್ನು ನಾನೇ ಉಂಡೆ, ಎಲ್ಲರ ಗಡಿಗೆಯಿಂದಲೂ. ಅಷ್ಟು ರುಚಿಯ ಊಟ ನನ್ನ ಮದುವೆಯಲ್ಲೂ ಇರಲಿಲ್ಲ.

ಹೋಗುವಾಗ ತಿಪ್ಪಮ್ಮ ಬಾಗಿಲಲ್ಲಿ ನಿಂತಳು. "ನೀವು ಹಸೀದಾದ್ರೂ ತಿನ್ರಿ, ಉಪಾಸನಾದ್ರೂ ಇರ್ರಿ. ದಿನಾ ಬೆಳಿಗ್ಗೆ ಒಂದಿಷ್ಟು ಹೊಗೆ ಎಬ್ಬಿಸ್ರಿ ನಮ್ಮವ್ವಾ. ಪಕ್ಕದ ಮನೇಲಿ ಹೊಗೆ ಇಲ್ದಿದ್ರೆ ನಮಗೆ ತುತ್ತು ಇಳಿಯಂಗಿಲ್ಲ."

ಅಂದಿನಿಂದ ನೀಲತ್ತೆ ದಿನಾ ಬೆಳಿಗ್ಗೆ ಒಲೆ ಹಚ್ಚಿ, ಮೇಲೊಂದು ಗಡಿಗೆ ನೀರು ಇಟ್ಟು, ದೂರ ಹೋಗಿ ಕೂತು ಹೊಲಿಯುತ್ತಿದ್ದಳು. ಬೀದಿ ನೆಮ್ಮದಿಯಾಯಿತು.

ಅಪ್ಪ ಬಂದದ್ದು

ಅಪ್ಪ ಹೇಳದೆ ಬಂದ. ಬೀದಿಯ ತುದಿಯಿಂದಲೇ ಹೊಗೆ ನೋಡಿರಬೇಕು, ಓಡಿಕೊಂಡೇ ಬಂದ. ನಾನು ಬಾಗಿಲಲ್ಲಿದ್ದೆ. ಅವನ ಗಲ್ಲ ಒಳಗೆ ಹೋಗಿದ್ದವು. ಅವ್ವನ ಕೈ ಊಟ.

"ಸಿಕ್ಕಿಬಿದ್ದೆಲ್ಲ ಅಕ್ಕಾ!" ಅಂತ ನೇರ ಒಲೆಗೆ ಹೋಗಿ ಮುಚ್ಚಳ ಎತ್ತಿದ.

ಹಬೆ ಮುಖಕ್ಕೆ ಬಡಿಯಿತು. ಬಗ್ಗಿ ನೋಡಿದ. ಸೌಟು ಹಾಕಿ ಕಲಕಿದ. ನೀರು. ತಳದವರೆಗೂ ನೀರು.

"ಎಲ್ಲಿ ಬಚ್ಚಿಟ್ಟಿ?"

ಅತ್ತೆ ಸೂಜಿಯಿಂದ ಕಣ್ಣೆತ್ತಲಿಲ್ಲ. ಅಪ್ಪ ನನ್ನ ಕಡೆ ತಿರುಗಿದ. "ಗಿರ್ಜೀ, ನೀ ಹೇಳು. ನಿಜ ಹೇಳು."

ಎಣ್ಣೆಗಾಯಿ ನನ್ನ ಕಣ್ಣ ಮುಂದೆ ಬಂದು ನಿಂತಿತು. ಅತ್ತೆ ಮನೆಗೆ ಬಂದರೆ ದಿನಾ ಅದು. ಒಂದು ಸಣ್ಣ ಸುಳ್ಳು ಸಾಕಾಗಿತ್ತು. ಆದರೆ ಇಷ್ಟು ದಿನ ಇಷ್ಟು ಕಷ್ಟಪಟ್ಟು ಕಾವಲು ಕಾದವಳು ನಾನು. ನನ್ನ ಕೆಲಸವನ್ನು ನಾನೇ ಸುಳ್ಳು ಮಾಡಲೇ? "ತಿಂದಿಲ್ಲ" ಅಂದೆ. "ಕಡಬು ಬಿಟ್ಟಾಳ, ಬೆಲ್ಲನೂ ಬಿಟ್ಟಾಳ. ನನ್ನ ತಿಥಿ ಊಟ ಸೈತ ತಿಂದಿಲ್ಲ. ಬಾಯಾಗ ಬೆರಳು ಹಾಕಿ ನೋಡೀನಿ."

ಅಪ್ಪ ಮುಚ್ಚಳ ಹಿಡಿದೇ ಗೋಡೆಗೆ ಒರಗಿ ಕೂತ. "ಇರು ಹಂಗಾರ" ಅಂದ. "ಮಾತು ಮಾತೇ."

ಅತ್ತೆಯ ಸೂಜಿ ಒಂದು ಕ್ಷಣ ನಿಂತಿತು. ಮತ್ತೆ ನಡೆಯಿತು.

"ಹಸಿವಾಗೇತಿ ಅಕ್ಕಾ" ಅಂದ ಅಪ್ಪ, ಸಣ್ಣ ದನಿಯಲ್ಲಿ.

"ಒಲಿ ಉರಿಯಾಕತ್ತೈತಿ, ನೀರು ಕಾದೈತಿ. ತಿಪ್ಪಮ್ಮನ ಕಡೆ ನವಣಕ್ಕಿ ಇಸ್ಕೊಂಡು ಬಾ. ಬೇಯಿಸ್ಕೊ."

ಅಪ್ಪ ಬೇಯಿಸಿದ. ಹುಟ್ಟಿದ ಮೇಲೆ ಮೊದಲ ಸಲ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹೊಗೆಗೆ ಕಣ್ಣು ಮೂಗು ಒರೆಸಿಕೊಳ್ಳುತ್ತ, "ನೀರು ಎಷ್ಟು? ಯಾವಾಗ ಇಳಸಲಿ?" ಅಂತ ಕೇಳುತ್ತ. ಅತ್ತೆ ಕಾಜಾ ಹಾಕುತ್ತಲೇ ಇದ್ದಳು. ಗಂಡಸು ಅಡುಗೆ ಮಾಡುತ್ತಾನಂತೆ ಅಂತ ಸುದ್ದಿಯಾಗಿ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಈ ಸಲ ಯಾರೂ ಅಳಲಿಲ್ಲ. ಅವರ ಗದ್ದಲಕ್ಕೆ ನಾನೂ ಅಪ್ಪನೂ ಹೊರಗೆ ತಿರುಗಿದ್ದೆವು, ಒಂದು ಕ್ಷಣ ಇರಬಹುದು.

"ಉಪ್ಪು ಕಮ್ಮಿ ಆಗೇತಿ ತಮ್ಮಾ" ಅಂದಳು ಅತ್ತೆ ಹಿಂದಿನಿಂದ.

ಅಪ್ಪ ಸೌಟಿನಲ್ಲಿ ತೆಗೆದು ನೆಕ್ಕಿ ನೋಡಿದ. ಕಮ್ಮಿಯಾಗಿತ್ತು. ಅವನು ನನ್ನನ್ನು ನೋಡಿದ. ನಾನು ಅತ್ತೆಯನ್ನು ನೋಡಿದೆ. ಅವಳು ತನ್ನ ಜಾಗದಲ್ಲೇ ಇದ್ದಳು, ತಲೆ ಬಗ್ಗಿಸಿ ದಾರ ಕಚ್ಚಿ ತುಂಡು ಮಾಡುತ್ತಿದ್ದಳು. ಬಾಯಿ ಆಡುತ್ತಿತ್ತು. ದಾರಕ್ಕೆ ಬಾಯಿ ಆಡುತ್ತದೆ.

ಹಬೆ ಇರಬೇಕು. ಇಡೀ ಜೀವಮಾನ ಹಬೆಯಿಂದಲೇ ಉಪ್ಪು ಹೇಳಿದವಳು.

ಆದರೂ ಕರಾರು ಮುಗಿದಿತ್ತು ನೋಡಿ, ಇನ್ನು ಬೆಂದದ್ದು ತಿಂದರೂ ಕೇಳುವವರಿಲ್ಲ. ಅಪ್ಪ ಉಪ್ಪು ಹಾಕಲು ಎದ್ದಾಗ ನಾನು ಮೆಲ್ಲಗೆ ಹತ್ತಿರ ಹೋಗಿ "ಅತ್ತೀ, ಬಾಯಿ ತಗೀ" ಅಂದೆ.

ನೀಲತ್ತೆ ನಕ್ಕಳು, ಬಾಯಿ ಮುಚ್ಚಿಕೊಂಡೇ.